ಗಲ್ಲಾಪೆಟ್ಟಿಗೆಯ ಮೇಲೆ ನಿನ್ನ ಬೆರಳು!



ಸಿನಿಮಾ ಪತ್ರಿಕೆಯಲ್ಲಿ ‘ಗಲ್ಲಾಪೆಟ್ಟಿಗೆ’ ಅಂದರೆ ನಿಮಗೆಲ್ಲ ಒಂದೇ ಅರ್ಥ. ಯಾವ ಚಿತ್ರ ದುಡ್ಡು ಬಾಚಿತು, ಯಾವ ಚಿತ್ರ ಮೊದಲ ವಾರಕ್ಕೇ ಮಕಾಡೆ ಮಲಗಿತು ಎನ್ನುವ ಲೆಕ್ಕ. ಈ ವಾರ ಆ ಲೆಕ್ಕವನ್ನು ಪಕ್ಕಕ್ಕಿಡಿ. ನಾನು ಹೇಳಹೊರಟಿರುವುದು ಅಂಗಡಿಯ ಮೇಜಿನ ಮೇಲೆ ಕೂತಿರುವ, ಬೀಗ ಹಾಕುವ, ಚಿಲ್ಲರೆ ತುಂಬಿದ ಅಸಲಿ ಗಲ್ಲಾಪೆಟ್ಟಿಗೆಯ ವಿಷಯ.

ಮೊನ್ನೆ ಒಂದು ಪತ್ರ ಬಂತು. ಅಂಚೆಯಲ್ಲಿ ಬಂದದ್ದಲ್ಲ. ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ನಾನು ಸಂಜೆ ಹೊತ್ತು ನಿಂತು ಹರಟುವ ಪುಸ್ತಕದಂಗಡಿಯವರ ಕೈಯಲ್ಲಿ ಒಬ್ಬ ಹುಡುಗ ಕೊಟ್ಟುಹೋಗಿದ್ದ. ವಯಸ್ಸು ಇಪ್ಪತ್ತರ ಆಸುಪಾಸು. ಹೆಸರು ಬೇಡ, ಅಂಗಡಿಯ ಗುರುತೂ ಬೇಡ. ಪತ್ರದ ಸಾರಾಂಶ ಇಷ್ಟು:

“ಅಣ್ಣಾ, ಭಾನುವಾರ ರಜಾ ಮುಗಿಸಿ ಸೋಮವಾರ ಅಂಗಡಿ ಬಾಗಿಲು ತೆಗೆದಾಗ ಗಲ್ಲಾದಲ್ಲಿ ದುಡ್ಡು ಇರಲಿಲ್ಲ. ಯಜಮಾನರು ನನ್ನ ಮುಖಾನೇ ನೋಡಿದರು. ‘ಬುಧವಾರದೊಳಗೆ ದುಡ್ಡು ತಂದಿಡು. ಇಲ್ಲಾಂದ್ರೆ ಕಂಪ್ಲೇಂಟ್ ಕೊಡ್ತೀನಿ. ಪೊಲೀಸಿನವರು ಬಂದು ಪೌಡರ್ ಹಾಕ್ತಾರೆ. ಯಾರ ಬೆರಳು ಬರುತ್ತೋ ಅವನೇ ಕಳ್ಳ’ ಅಂದರು. ಅಣ್ಣಾ, ಆ ಗಲ್ಲಾನ ನಾನು ದಿನಕ್ಕೆ ನೂರು ಸಲ ಮುಟ್ತೀನಿ. ಚಿಲ್ಲರೆ ಕೊಡೋನು ನಾನೇ, ಧೂಳು ಒರೆಸೋನೂ ನಾನೇ. ಸಿನಿಮಾದಲ್ಲಿ ನೋಡಿದೀನಿ, ಬೆರಳು ಸಿಕ್ಕರೆ ಕಥೆ ಮುಗೀತು. ಒಂದು ಬೀಗದಕೈ ನನ್ನ ಹತ್ರಾನೂ ಇದೆ. ರಾತ್ರಿ ಹೋಗಿ ಸೀಮೆಎಣ್ಣೆ ಬಟ್ಟೇಲಿ ಎಲ್ಲಾ ಒರೆಸಿಬಿಡಲಾ? ಇಲ್ಲಾ ಊರಿಗೆ ಹೊರಟುಹೋಗಲಾ?”

ಕೆಳಗೆ ಫೋನ್ ನಂಬರು. ಅಲ್ಲೇ ನಿಂತು ಫೋನ್ ಮಾಡಿದೆ. “ತಮ್ಮಾ, ಒರೆಸಬೇಡ. ಊರಿಗೂ ಹೋಗಬೇಡ” ಅಂದೆ. “ಯಾಕಣ್ಣಾ?” ಅಂದ. ಅವನಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ನಿಮಗೆಲ್ಲ ಹೇಳುತ್ತೇನೆ. ಯಾಕೆಂದರೆ ಅಂಗಡಿ, ಗ್ಯಾರೇಜು, ಹೋಟೆಲು, ಲಾಡ್ಜು ಅಂತ ಬೇರೆಯವರ ಗಲ್ಲಾ ಮುಟ್ಟಿ ಬದುಕುವ ಹುಡುಗರು ನಮ್ಮ ಓದುಗರಲ್ಲಿ ಬಹಳ ಮಂದಿ ಇದ್ದೀರಿ.

ಸಿನಿಮಾ ಕಲಿಸಿದ ಪಾಠ

ಅಣ್ಣಾವ್ರ ಸಿ.ಐ.ಡಿ. 999 ಚಿತ್ರಗಳಿಂದ ಹಿಡಿದು ಶಂಕರ್‌ನಾಗ್ ‘ಸಾಂಗ್ಲಿಯಾನ’ದವರೆಗೆ ಪೊಲೀಸು, ಪತ್ತೇದಾರಿ ಅಂತ ನೋಡಿ ನೋಡಿ ಬೆಳೆದವರು ನಾವು. ಈ ಜಾತಿಯ ಚಿತ್ರಗಳಲ್ಲಿ ಒಂದು ದೃಶ್ಯ ಖಾಯಂ. ಹೀರೋ ಒಳಗೆ ಬರುತ್ತಾನೆ, ಹೆಣ ಬಿದ್ದಿರುತ್ತೆ, ಎದೆಯಲ್ಲಿ ಚಾಕು. ನಮ್ಮ ಹೀರೋ ಏನು ಮಾಡಬೇಕು? ದೂರ ನಿಂತು ಪೊಲೀಸರಿಗೆ ಹೇಳಬೇಕು. ಅವನು ಮಾಡುವುದೇ ಬೇರೆ, ನೇರ ಹೋಗಿ ಚಾಕು ಕಿತ್ತು ಕೈಯಲ್ಲಿ ಹಿಡಿದು ನಿಲ್ಲುತ್ತಾನೆ! ಆ ಹೊತ್ತಿಗೇ ಪೊಲೀಸ್ ಜೀಪು. “ಚಾಕುವಿನ ಮೇಲೆ ನಿನ್ನ ಬೆರಳಚ್ಚು ಸಿಕ್ಕಿದೆ. ಇದಕ್ಕಿಂತ ಸಾಕ್ಷಿ ಬೇಕೇ?” ಅಂತ ಇನ್ಸ್‌ಪೆಕ್ಟರು ಗುಡುಗುತ್ತಾರೆ. ಮುಂದಿನ ದೃಶ್ಯದಲ್ಲಿ ಅಮ್ಮನ ಕಣ್ಣೀರು, ತಂಗಿಯ ಮದುವೆ ನಿಂತುಹೋಗುವುದು, ಜೈಲಿನ ಹಾಡು.

ಶಿಳ್ಳೆ ಹೊಡೆಯಲು ಚೆನ್ನಾಗಿದೆ. ಆದರೆ ನಮ್ಮ ಹುಡುಗನ ತಲೆಯಲ್ಲಿ ಕೂತಿರುವ ಭಯ ಬಂದದ್ದು ಇಲ್ಲಿಂದಲೇ. ಅವನ ಯಜಮಾನರ ತಲೆಯಲ್ಲಿರುವ ಕಾನೂನೂ ಇಲ್ಲಿಂದಲೇ ಬಂದದ್ದು. ನಿಜ ಏನು ಅಂತ ನೋಡೋಣ.

ಬೆರಳಲ್ಲಿ ಏನಿದೆ?

ಮನೆಯಲ್ಲಿ ತೊಳೆದು ಒರೆಸಿದ ಸ್ಟೀಲ್ ಲೋಟ ಒಂದು ತೆಗೆದುಕೊಳ್ಳಿ. ಬೆರಳನ್ನು ಹಣೆಗೆ ಒಂದು ಸಲ ಉಜ್ಜಿ ಲೋಟದ ಮೇಲೆ ಒತ್ತಿ. ಈಗ ಬಾಯಿಯಿಂದ ಬಿಸಿ ಉಸಿರು ಊದಿ. ಗೆರೆಗೆರೆಯಾಗಿ ನಿಮ್ಮ ಬೆರಳು ಮೂಡಿ, ಆವಿ ಆರುತ್ತಿದ್ದಂತೆ ಮಾಯವಾಗುತ್ತದೆ. ಅಡಗಿದ ಬೆರಳಚ್ಚು ಅಂದರೆ ಇದೇ. ಇತ್ತು, ಕಾಣುತ್ತಿರಲಿಲ್ಲ ಅಷ್ಟೆ.

ಬೆರಳ ತುದಿಯ ಗೆರೆಗಳ ಮೇಲೆ ಸಾಲಾಗಿ ಬೆವರಿನ ರಂಧ್ರಗಳಿವೆ. ಆ ಬೆವರಿನಲ್ಲಿ ಬಹುಪಾಲು ನೀರು. ಉಳಿದ ಚೂರುಪಾರಿನಲ್ಲಿ ಉಪ್ಪು ಇದೆ, ಅಮೈನೋ ಆಮ್ಲ ಎನ್ನುವ ವಸ್ತು ಇದೆ. ಅಂಗೈಯಲ್ಲಿ ಎಣ್ಣೆಯ ಗ್ರಂಥಿ ಇಲ್ಲ. ಆದರೆ ನಾವು ತಲೆ ಬಾಚಿಕೊಳ್ಳುತ್ತೇವೆ, ಮುಖ ಉಜ್ಜಿಕೊಳ್ಳುತ್ತೇವೆ, ಹೀಗೆ ಎಣ್ಣೆಯೂ ಬೆರಳಿಗೆ ಹತ್ತುತ್ತದೆ. ಮುಟ್ಟಿದ ಕಡೆಯಲ್ಲೆಲ್ಲ ಈ ಮೂರನ್ನೂ, ಅಂದರೆ ಉಪ್ಪು, ಅಮೈನೋ ಆಮ್ಲ, ಎಣ್ಣೆ, ಗೆರೆಗಳ ಆಕಾರದಲ್ಲೇ ಬಿಟ್ಟುಬರುತ್ತೇವೆ. ನೀರು ಆರಿಹೋದರೂ ಇವು ಉಳಿಯುತ್ತವೆ.

ಆ ಗೆರೆಗಳ ವಿನ್ಯಾಸ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತೀರ್ಮಾನವಾಗಿರುತ್ತದೆ. ಅವಳಿ ಜವಳಿಗಳ ಮುಖ ಒಂದೇ ಆದರೂ ಬೆರಳು ಬೇರೆ. ‘ದಾರಿ ತಪ್ಪಿದ ಮಗ’ದಲ್ಲಿ (1975) ಅಣ್ಣಾವ್ರು ಮಾಡಿದಂಥ ದ್ವಿಪಾತ್ರಗಳು ನಿಜಜೀವನದಲ್ಲಿ ಎದುರಾದರೆ ಪೊಲೀಸರು ಮುಖ ನೋಡಿ ತಬ್ಬಿಬ್ಬಾಗಬೇಕಿಲ್ಲ, ಬೆರಳು ಒತ್ತಿಸಿದರೆ ಸಾಕು.

ಪೌಡರು ಎಲ್ಲದಕ್ಕೂ ಮದ್ದಲ್ಲ

ಸಿನಿಮಾದವರಿಗೆ ಗೊತ್ತಿರುವುದು ಒಂದೇ, ಬ್ರಷ್ಷು ಮತ್ತು ಪೌಡರು. ಅದೂ ಸುಳ್ಳೇನಲ್ಲ. ಗಾಜು, ಸ್ಟೀಲು, ಪಾಲಿಷ್ ಮಾಡಿದ ಮರ, ಇಂಥ ನುಣುಪು ಜಾಗದಲ್ಲಿ ಹೊಸ ಗುರುತಿದ್ದರೆ ಅದರ ಪಸೆಗೆ ಪೌಡರು ಅಂಟುತ್ತದೆ. ಬಿಳಿಯ ವಸ್ತುವಿಗೆ ಕರಿ ಪೌಡರು, ಕಪ್ಪು ವಸ್ತುವಿಗೆ ಬೂದು ಬಣ್ಣದ ಅಲ್ಯೂಮಿನಿಯಂ ಪೌಡರು. ಫೋಟೋ ತೆಗೆದು, ಆಮೇಲೆ ಅಂಟುಪಟ್ಟಿಯಿಂದ ಎತ್ತಿಕೊಳ್ಳುತ್ತಾರೆ.

ಕಾಗದಕ್ಕೆ ಈ ಆಟ ಸರಿಯಾಗಿ ನಡೆಯುವುದಿಲ್ಲ. ಕಾಗದ ಬೆವರನ್ನು ಹೀರಿಕೊಂಡುಬಿಡುತ್ತದೆ. ಅಲ್ಲಿಂದ ಮುಂದೆ ರಸಾಯನಶಾಸ್ತ್ರದ ಕೆಲಸ. ಬೆವರಿನ ಮೂರು ವಸ್ತುಗಳಲ್ಲಿ ಯಾವುದನ್ನು ಹಿಡಿಯಬೇಕು ಅನ್ನುವುದರ ಮೇಲೆ ಔಷಧ.

ಎಣ್ಣೆಯನ್ನು ಹಿಡಿಯಬೇಕಾದರೆ ಅಯೋಡಿನ್. ಅದರ ಹರಳನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ನೇರಳೆ ಹೊಗೆ ಏಳುತ್ತದೆ. ಹೊಗೆ ಎಣ್ಣೆಯಲ್ಲಿ ಇಂಗಿ ಕಂದು ಬಣ್ಣದ ಬೆರಳು ಮೂಡುತ್ತದೆ. ಆದರೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕಣ್ಣೆದುರೇ ಮಾಸಿಹೋಗುತ್ತದೆ. ಫೋಟೋಗ್ರಾಫರ್ ಸಿದ್ಧನಾಗಿ ನಿಂತಿರಬೇಕು. ಮಾಸಿಹೋದ ಮೇಲೆ ಕಾಗದಕ್ಕೆ ಹೆಚ್ಚಿನ ತೊಂದರೆ ಆಗಿರುವುದಿಲ್ಲವಾದ್ದರಿಂದ ಮುಂದಿನ ಔಷಧಗಳನ್ನೂ ಅದರ ಮೇಲೆ ಹಾಕಿ ನೋಡಬಹುದು.

ಅಮೈನೋ ಆಮ್ಲವನ್ನು ಹಿಡಿಯುವುದು ನಿನ್‌ಹೈಡ್ರಿನ್. ಇದರ ಕಥೆ ಸೊಗಸಾಗಿದೆ. 1910ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸೀಗ್‌ಫ್ರೀಡ್ ರೂಹೆಮನ್ ಎಂಬ ರಸಾಯನಶಾಸ್ತ್ರಜ್ಞ ಈ ವಸ್ತು ತಯಾರಿಸಿದ. ಚರ್ಮಕ್ಕೆ ತಾಗಿದರೆ ನೇರಳೆ ಕಲೆ ಆಗುತ್ತದೆ ಅಂತ ಕಂಡುಕೊಂಡು ಬರೆದೂ ಇಟ್ಟ. ಆ ಕಲೆ ಪೊಲೀಸರಿಗೆ ಉಪಯೋಗವಾದೀತು ಅಂತ ಹೊಳೆಯಲು 44 ವರ್ಷ ಬೇಕಾಯಿತು! 1954ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಇದನ್ನು ಬೆರಳಚ್ಚಿಗೆ ಬಳಸಬಹುದು ಎಂದು ತೋರಿಸಿದರು. ಇವತ್ತಿಗೂ ಕಾಗದದ ವಿಷಯಕ್ಕೆ ಬಂದರೆ ಇದರದ್ದೇ ದರ್ಬಾರು. ದ್ರಾವಣದಲ್ಲಿ ಅದ್ದಿ, ಒಣಗಿಸಿ, ತೇವ ಮತ್ತು ಶಾಖ ಕೊಟ್ಟರೆ ನೇರಳೆ ಬೆರಳು ಎದ್ದುಬರುತ್ತದೆ. ಶಾಖ ಕೊಡದಿದ್ದರೆ ಒಂದೆರಡು ದಿನ ಕಾಯಬೇಕು. ಅಮೈನೋ ಆಮ್ಲ ಕಾಗದದ ನಾರಿಗೆ ಕಚ್ಚಿಕೊಂಡು ಕೂರುವುದರಿಂದ ವರ್ಷಗಟ್ಟಲೆ ಹಳೆಯ ಗುರುತೂ ಸಿಗುತ್ತದೆ.

ತಮ್ಮಾ, ಕೇಳಿಸಿಕೊಂಡೆಯಾ? ನೋಟು, ರಸೀದಿ ಪುಸ್ತಕ, ಲೆಕ್ಕದ ಪುಸ್ತಕ, ಇವನ್ನು ನೀನು ಎಷ್ಟು ಒರೆಸಿದರೂ ಒಳಗೆ ಇಂಗಿದ್ದು ಹೋಗುವುದಿಲ್ಲ. ಸೀಮೆಎಣ್ಣೆ ದಂಡ.

ಮೂರನೆಯದು ಉಪ್ಪು. ಅದನ್ನು ಹಿಡಿಯುವ ಔಷಧಕ್ಕೂ ನಮ್ಮ ಮೈಸೂರಿಗೂ ಬಹಳ ಹಳೆಯ ನಂಟು.

ಬನ್ನಿಮಂಟಪದ ಬೆಳ್ಳಿ

ಜಂಬೂ ಸವಾರಿ ಹೋಗಿ ಮುಟ್ಟುವ ಬನ್ನಿಮಂಟಪ ನಿಮಗೆ ಗೊತ್ತು. ಅಲ್ಲೇ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ ಇದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಎಂದು ಶುರುವಾದದ್ದು. ಲ್ಯಾಕ್ ಅಂದರೆ ಕಾಡಿನ ಅರಗು. ಈಗ ಅದು ಕರ್ನಾಟಕ ಸರ್ಕಾರದ ಕಂಪನಿ. ವೋಟು ಹಾಕಿದಾಗ ಎಡಗೈ ತೋರುಬೆರಳಿಗೆ ಹಚ್ಚುತ್ತಾರಲ್ಲ, ಅಳಿಸಲಾಗದ ಶಾಯಿ, ಅದು ತಯಾರಾಗುವುದು ಇಲ್ಲೇ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ಅದರ ಸೂತ್ರ ಕಂಡುಹಿಡಿದರು. 1962ರ ಮಹಾಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಮೈಸೂರೇ ಶಾಯಿ ಹಚ್ಚುತ್ತಾ ಬಂದಿದೆ. 2024ರ ಲೋಕಸಭೆ ಚುನಾವಣೆಗೆ ಇಲ್ಲಿಂದ ಹೋದದ್ದು 26 ಲಕ್ಷಕ್ಕೂ ಹೆಚ್ಚು ಶೀಶೆ. ಹೊರದೇಶಗಳಿಗೂ ಹೋಗುತ್ತದೆ.

ಆ ಶಾಯಿಯ ಜೀವಾಳ ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಲವಣ. ಚರ್ಮಕ್ಕೆ ಹಚ್ಚಿದಾಗ ಅಲ್ಲಿರುವ ಉಪ್ಪಿನೊಡನೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಾಗ ಅದು ಒಡೆದು ಬೆಳ್ಳಿಯ ಸಣ್ಣ ಕಣಗಳಾಗಿ ಕಪ್ಪಾಗುತ್ತದೆ. ಸೋಪು, ಎಣ್ಣೆ, ನಿಂಬೆಹಣ್ಣು ಯಾವುದಕ್ಕೂ ಜಗ್ಗುವುದಿಲ್ಲ. ಆ ಚರ್ಮ ಉದುರಿ ಹೊಸದು ಬರಬೇಕು, ಉಗುರು ಬೆಳೆದು ಕತ್ತರಿಸಿ ಹೋಗಬೇಕು.

ಈಗ ಇದನ್ನೇ ತಿರುವಿ ಹಾಕಿ. ಬೆರಳಿಗೆ ಹಚ್ಚುವ ಬದಲು, ಬೆರಳು ಮುಟ್ಟಿದ ಕಾಗದಕ್ಕೆ ಸಿಲ್ವರ್ ನೈಟ್ರೇಟ್ ದ್ರಾವಣ ಹಚ್ಚಿ ಬೆಳಕಿಗೆ ಹಿಡಿದರೆ? ಕಾಗದದ ಮೇಲೆ ಬೆವರಿನ ಉಪ್ಪು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಕಪ್ಪು. ಗೆರೆಗೆರೆಯಾಗಿ ಬೆರಳು ಮೂಡಿತು! ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಯುರೋಪಿನವರು ಇದನ್ನು ಕಂಡುಕೊಂಡಿದ್ದರು. ಬನ್ನಿಮಂಟಪದ ಶೀಶೆಯೊಳಗಿನ ಬೆಳ್ಳಿ ಒಬ್ಬ ಎರಡು ಸಲ ವೋಟು ಹಾಕದಂತೆ ತಡೆಯುತ್ತದೆ. ಪ್ರಯೋಗಾಲಯದ ಶೀಶೆಯೊಳಗಿನ ಅದೇ ಬೆಳ್ಳಿ ಬೆದರಿಕೆ ಪತ್ರ ಬರೆದವನ ಬೆರಳನ್ನು ಎತ್ತಿ ತೋರಿಸುತ್ತದೆ.

ಸಿನಿಮಾ ಅಭಿಮಾನಿಗಳಿಗೆ ಇನ್ನೊಂದು ಮಾತು. ‘ಬೇಡರ ಕಣ್ಣಪ್ಪ’ (1954) ಇರಲಿ, ನಮ್ಮೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ತೆಗೆದ ಎಷ್ಟೋ ಕಪ್ಪು ಬಿಳುಪು ಚಿತ್ರಗಳಿರಲಿ, ರೀಲಿನ ಮೇಲೆ ನಾವು ನೋಡಿದ ಆ ಮುಖಗಳೆಲ್ಲ ಇದೇ ಬೆಳ್ಳಿ. ಫಿಲ್ಮಿನ ಮೇಲೆ ಬಳಿದಿದ್ದ ಬೆಳ್ಳಿಯ ಲವಣ ಬೆಳಕು ತಾಗಿ ಕಪ್ಪಾಗಿಯೇ ಅಣ್ಣಾವ್ರ ಹುಬ್ಬು, ಕಣ್ಣು, ಮೀಸೆ ಆದದ್ದು. ಫಿಲ್ಮು ತೊಳೆಯುವ ಲ್ಯಾಬಿಗೂ ಬೆರಳಚ್ಚಿನ ಲ್ಯಾಬಿಗೂ ಈ ಒಂದು ವಿದ್ಯೆ ಸಮಾನ.

ಬೆಳ್ಳಿಗೂ ಒಂದು ಮಿತಿ ಇದೆ. ಕಾಗದಕ್ಕೆ ಮಳೆ, ತೇವ ಹತ್ತಿದರೆ ಉಪ್ಪು ಅತ್ತಿತ್ತ ಹರಡಿ ಗೆರೆಗಳೆಲ್ಲ ಕಲಸಿಹೋಗುತ್ತವೆ. ಅಲ್ಲದೆ ಸಿಲ್ವರ್ ನೈಟ್ರೇಟನ್ನು ಮೊದಲು ಹಾಕಿಬಿಟ್ಟರೆ ಅಮೈನೋ ಆಮ್ಲ ತೊಳೆದುಹೋಗಿ ನಿನ್‌ಹೈಡ್ರಿನ್‌ಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಸರದಿ ತಪ್ಪಬಾರದು. ಮೊದಲು ಬರಿಗಣ್ಣು ಮತ್ತು ದೀಪದ ಬೆಳಕಲ್ಲಿ ಪರೀಕ್ಷೆ, ಆಮೇಲೆ ಅಯೋಡಿನ್, ಆಮೇಲೆ ನಿನ್‌ಹೈಡ್ರಿನ್, ಕೊನೆಗೆ ಬೆಳ್ಳಿ. ಬಿಲ್ಲು ಕೊಡುವ ಮಿಷಿನ್ನಿನ ನುಣುಪು ಕಾಗದವನ್ನಂತೂ ಇನ್ನೂ ಹುಷಾರಾಗಿ ನೋಡಬೇಕು. ಮಾಮೂಲಿ ನಿನ್‌ಹೈಡ್ರಿನ್ ದ್ರಾವಣ ಸುರಿದರೆ ಆ ಕಾಗದವೇ ಪೂರ್ತಿ ಕಪ್ಪಾಗಬಹುದು. ಗಡಿಬಿಡಿ ಮಾಡಿದ ತಜ್ಞ ಸಾಕ್ಷಿಯನ್ನು ತಾನೇ ಕೊಂದಂತೆ.

ಫೆವಿಕ್ವಿಕ್ ಮಹಿಮೆ

ನಮ್ಮ ಹುಡುಗನ ಗಲ್ಲಾ ಸ್ಟೀಲಿನದು. ಸ್ಟೀಲು, ಪ್ಲಾಸ್ಟಿಕ್ಕು, ಗಾಜು, ಬಂದೂಕು, ಇವಕ್ಕೆ ಇನ್ನೊಂದು ಉಪಾಯ ಇದೆ. ಚಪ್ಪಲಿ ಕಿತ್ತುಹೋದರೆ ಅಂಟಿಸುವ ಫೆವಿಕ್ವಿಕ್ ಗೊತ್ತಲ್ಲ? ಆ ಜಾತಿಯ ಅಂಟಿನ ಹೆಸರು ಸಯನೋಅಕ್ರಿಲೇಟ್. 1970ರ ದಶಕದ ಕೊನೆಯಲ್ಲಿ ಜಪಾನಿನ ಪೊಲೀಸ್ ಪ್ರಯೋಗಾಲಯವೊಂದರಲ್ಲಿ ಫುಸಿಯೊ ಮತ್ಸುಮುರ ಎಂಬಾತ ಒಂದು ಕೊಲೆಯ ಕೇಸಿನ ಕೂದಲುಗಳನ್ನು ಗಾಜಿನ ಮೇಲೆ ಈ ಅಂಟಿನಿಂದ ಅಂಟಿಸುತ್ತಿದ್ದ. ನೋಡುತ್ತಾನೆ, ಅವನದೇ ಬೆರಳ ಗುರುತುಗಳು ಗಾಜಿನ ಮೇಲೆ ಬೆಳ್ಳಗೆ ಮೂಡುತ್ತಿವೆ! ಪಕ್ಕದಲ್ಲಿದ್ದ ಬೆರಳಚ್ಚು ತಜ್ಞನಿಗೆ ಹೇಳಿದ. ಕೆಲವೇ ವರ್ಷದಲ್ಲಿ ಪ್ರಪಂಚದ ಪೊಲೀಸರೆಲ್ಲ ಇದನ್ನು ಕಲಿತರು.

ಮಾಡುವ ರೀತಿ ಹೀಗೆ. ವಸ್ತುವನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಒಳಗೆ ತೇವ ಇರುವ ಹಾಗೆ ನೋಡಿಕೊಂಡು, ಅಂಟನ್ನು ಬಿಸಿ ಮಾಡುತ್ತಾರೆ. ಅಂಟಿನ ಆವಿ ಬೆವರ ಗೆರೆಗಳ ಮೇಲೆ ಕೂತು ಗಟ್ಟಿಯಾಗಿ ಬಿಳಿ ಪದರ ಆಗುತ್ತದೆ. ಒಂದು ಸಲ ಗಟ್ಟಿಯಾದ ಮೇಲೆ ಸುಲಭಕ್ಕೆ ಅಳಿಯುವುದಿಲ್ಲ. ಮೇಲೆ ಪೌಡರೋ ಬಣ್ಣವೋ ಹಾಕಿ ಫೋಟೋ ತೆಗೆಯಬಹುದು. ದಯವಿಟ್ಟು ಯಾರೂ ಮನೆಯಲ್ಲಿ ಅಂಟು ಬಿಸಿ ಮಾಡಲು ಹೋಗಬೇಡಿ. ಆ ಹೊಗೆ ಕಣ್ಣಿಗೆ, ಗಂಟಲಿಗೆ ಕೆಟ್ಟದ್ದು. ಲೋಟಕ್ಕೆ ಉಸಿರು ಊದುವ ಪ್ರಯೋಗವೇ ಸಾಕು.

ಇಷ್ಟೇ ಅಲ್ಲ. ನೀರಿಗೆ ಎಸೆದ ವಸ್ತುವಿಗೆ ಬೇರೆ ಔಷಧ ಇದೆ, ರಕ್ತದ ಗುರುತಿಗೆ ಬೇರೆ. ಬಾಯಿ ಹುಣ್ಣಿಗೆ ಹಚ್ಚುತ್ತಿದ್ದ ನೇರಳೆ ಬಣ್ಣದ ಜೆನ್ಷನ್ ವಯೊಲೆಟ್ ಇದೆಯಲ್ಲ, ಅಂಟುಪಟ್ಟಿಯ ಅಂಟಿನ ಬದಿಯಲ್ಲಿರುವ ಬೆರಳನ್ನು ತೋರಿಸುವುದು ಅದೇ. ಖಳನಾಯಕ ಕೈಗವಸು ಹಾಕಿಕೊಂಡು ಬರಬಹುದು. ಆದರೆ ಅಂಟುಪಟ್ಟಿಯ ತುದಿ ಬಿಡಿಸಲು ಕೈಗವಸು ತೆಗೆದನೋ, ಸಿಕ್ಕಿಬಿದ್ದ.

ಬೆರಳು ಹೇಳದ ಮಾತು

ಇಷ್ಟೆಲ್ಲ ಕೇಳಿ ಹುಡುಗ ಫೋನಿನಲ್ಲಿ ಹೇಳಿದ್ದು: “ಹಂಗಾದ್ರೆ ನಾನು ಸಿಕ್ಕಿಬಿದ್ದ ಹಾಗೇ ಅಲ್ವಾ ಅಣ್ಣಾ?”

ಇಲ್ಲ ಕಣಪ್ಪಾ. ಈಗ ಬರುವುದೇ ಮುಖ್ಯವಾದ ಮಾತು.

ಇಷ್ಟು ಔಷಧಗಳಿಂದ ಎದ್ದುಬಂದ ಬೆರಳಚ್ಚು ಹೇಳುವುದು ಒಂದೇ ಮಾತು, “ಇವನು ಇದನ್ನು ಮುಟ್ಟಿದ್ದಾನೆ”. ಯಾವಾಗ ಮುಟ್ಟಿದ ಅಂತ ಹೇಳುವುದಿಲ್ಲ. ಯಾಕೆ ಮುಟ್ಟಿದ ಅಂತಲೂ ಹೇಳುವುದಿಲ್ಲ. “ಈ ಗುರುತು ನಿನ್ನೆ ರಾತ್ರಿ ಹತ್ತು ಗಂಟೆಯದ್ದು” ಅಂತ ಸಿನಿಮಾದ ತಜ್ಞ ಹೇಳಬಹುದು. ಬೆರಳಚ್ಚಿನ ವಯಸ್ಸನ್ನು ನಂಬಿಕೆಯಿಂದ ಹೇಳುವ, ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವ ವಿಧಾನ ಇವತ್ತಿಗೂ ಇಲ್ಲ. ದಿನಾ ಗಲ್ಲಾ ಮುಟ್ಟುವವನ ಬೆರಳು ಗಲ್ಲಾದ ಮೇಲೆ ಇದ್ದರೆ ಅದರಲ್ಲಿ ಆಶ್ಚರ್ಯ ಏನು? ಇಲ್ಲದಿದ್ದರೇ ಆಶ್ಚರ್ಯ!

ಇದು ನನ್ನ ಸ್ವಂತ ಸಿದ್ಧಾಂತವಲ್ಲ. ನಮ್ಮ ದೇಶದಲ್ಲಿ ಬೆರಳಚ್ಚಿನ ವಿದ್ಯೆ ಹುಟ್ಟಿದ ದಿನಗಳಿಂದಲೂ ಇದೇ ನ್ಯಾಯ. 1897ರಲ್ಲಿ ಕಲ್ಕತ್ತೆಯಲ್ಲಿ ಪ್ರಪಂಚದ ಮೊದಲ ಬೆರಳಚ್ಚು ಕಚೇರಿ ತೆರೆಯಿತು. ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ನಮ್ಮವರಿಬ್ಬರು ಲಕ್ಷಾಂತರ ಬೆರಳುಗಳನ್ನು ವಿಂಗಡಿಸಿ ಇಡುವ ಕ್ರಮ ರೂಪಿಸಿದರು. ಹೆಸರು ಮಾತ್ರ ಅವರ ಇಂಗ್ಲಿಷ್ ಸಾಹೇಬ ಎಡ್ವರ್ಡ್ ಹೆನ್ರಿಗೆ ಹೋಯಿತು. ಅದೇ ಸುಮಾರಿಗೆ ಬಂಗಾಳದ ಜಲ್ಪಾಯ್‌ಗುರಿಯಲ್ಲಿ ಒಬ್ಬ ಟೀ ತೋಟದ ಮ್ಯಾನೇಜರನ ಕೊಲೆಯಾಯಿತು. ಪೆಟ್ಟಿಗೆ ಒಡೆದಿತ್ತು, ದುಡ್ಡು ಹೋಗಿತ್ತು. ಅಲ್ಲಿದ್ದ ಒಂದು ಬಂಗಾಳಿ ಪಂಚಾಂಗದ ಮೇಲೆ ಕಂದುಬಣ್ಣದ ಬೆರಳ ಗುರುತು. ಹೋಲಿಸಿ ನೋಡಿದರೆ ಹಿಂದೆ ಅದೇ ಮ್ಯಾನೇಜರನ ಮನೆಯಲ್ಲಿ ಕದ್ದು ಜೈಲಿಗೆ ಹೋಗಿದ್ದ ಆಳಿನ ಹೆಬ್ಬೆಟ್ಟು!

ಸಿನಿಮಾ ಆಗಿದ್ದರೆ ಅಲ್ಲಿಗೆ ಗಲ್ಲು. ಕೋರ್ಟು ಏನು ಮಾಡಿತು ಗೊತ್ತೇ? 1898ರಲ್ಲಿ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು. ಕೊಲೆಯ ಆರೋಪದಿಂದ ಬಿಟ್ಟಿತು. ಪಂಚಾಂಗ ಮುಟ್ಟಿದ್ದಾನೆ, ಪೆಟ್ಟಿಗೆಗೆ ಕೈಹಾಕಿದ್ದಾನೆ, ಅಷ್ಟು ಸಾಬೀತು. ಕತ್ತು ಕೊಯ್ದವನು ಇವನೇ ಅಂತ ಬೆರಳು ಹೇಳಲಿಲ್ಲ. ಬ್ರಿಟಿಷರ ಕಾಲದಲ್ಲೇ ಇಷ್ಟು ವಿವೇಕ ಇತ್ತು.

ನಮ್ಮ ಕರ್ನಾಟಕದ್ದೇ ಒಂದು ಕೊಲೆ ಕೇಸು 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅದರಲ್ಲೂ ಬೆರಳಚ್ಚಿನ ಸಾಕ್ಷ್ಯ ಇತ್ತು. ಆರೋಪಿಯ ಬೆರಳಚ್ಚನ್ನು ಮ್ಯಾಜಿಸ್ಟ್ರೇಟರ ಆದೇಶ ಪಡೆದು ತೆಗೆದಿದ್ದರೆ ಅನುಮಾನಕ್ಕೆ ಎಡೆ ಇರುತ್ತಿರಲಿಲ್ಲ ಎಂದು ಹೇಳಿ, ಕೋರ್ಟು ಆ ಸಾಕ್ಷ್ಯವನ್ನು ನೆಚ್ಚಲಿಲ್ಲ. ಆರೋಪಿ ಖುಲಾಸೆಯಾದ.

ತಜ್ಞರೂ ಮನುಷ್ಯರೇ, ತಪ್ಪುತ್ತಾರೆ. 2004ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸಿಡಿದಾಗ, ಸ್ಫೋಟಕದ ಸಾಮಾನಿದ್ದ ಪ್ಲಾಸ್ಟಿಕ್ ಚೀಲದ ಮೇಲೆ ಒಂದು ಬೆರಳು ಸಿಕ್ಕಿತು. ಅಮೆರಿಕದ ಎಫ್.ಬಿ.ಐ.ನವರು ತಮ್ಮ ದೇಶದ ಒಬ್ಬ ವಕೀಲನದ್ದೇ ಅದು ಎಂದು ಘಂಟಾಘೋಷವಾಗಿ ಹೇಳಿ ಹಿಡಿದು ಕೂಡಿಹಾಕಿದರು. ಸ್ಪೇನಿನ ಪೊಲೀಸರು ಅದು ಬೇರೆಯವನದ್ದು ಎಂದು ತೋರಿಸಿದ ಮೇಲೆ ಬಿಟ್ಟು, ಕ್ಷಮೆ ಕೇಳಿ, 20 ಲಕ್ಷ ಡಾಲರ್ ಪರಿಹಾರ ಕೊಡಬೇಕಾಯಿತು. ಬೆರಳು ಸುಳ್ಳು ಹೇಳಿರಲಿಲ್ಲ. ಓದಿದವರು ತಪ್ಪು ಓದಿದ್ದರು.

ಒರೆಸಿದರೆ ಯಾರಿಗೆ ಲಾಭ?

ಈಗ ಸೀಮೆಎಣ್ಣೆ ಬಟ್ಟೆಯ ವಿಷಯಕ್ಕೆ ಬರೋಣ. ನಮ್ಮ ಹುಡುಗ ರಾತ್ರಿ ಹೋಗಿ ಗಲ್ಲಾ ಒರೆಸಿದ ಅಂತಿಟ್ಟುಕೊಳ್ಳಿ. ಅವನ ಬೆರಳ ಜೊತೆಗೆ ಅಸಲಿ ಕಳ್ಳನ ಬೆರಳೂ ಹೋಯಿತು! ಹುಡುಗನನ್ನು ಉಳಿಸಬಲ್ಲ ಸಾಕ್ಷಿ ಇದ್ದರೆ ಅದೊಂದೇ. ಅದನ್ನು ಅವನ ಕೈಯಾರೆ ಒರೆಸಿದ ಹಾಗಾಯಿತು. ಮೇಲಾಗಿ ದಿನಾ ನಾಲ್ಕಾರು ಜನ ಮುಟ್ಟುವ ಪೆಟ್ಟಿಗೆ ಪಳಪಳ ಅಂತ ಸೀಮೆಎಣ್ಣೆ ವಾಸನೆ ಹೊಡೆಯುತ್ತಿದ್ದರೆ ಇನ್ಸ್‌ಪೆಕ್ಟರು ಏನಂದುಕೊಳ್ಳುತ್ತಾರೆ? ಅಂಗಡಿಯ ಬೀಗದಕೈ ಯಾರ ಹತ್ತಿರ ಇದೆ ಅಂತ ಮೊದಲು ಕೇಳುತ್ತಾರೆ.

ಸರಿಯಾಗಿ ತನಿಖೆ ಮಾಡುವವರು ಮೊದಲು ಮಾಡುವ ಕೆಲಸವೇ ಬೇರೆ. ಆ ಜಾಗವನ್ನು ನ್ಯಾಯವಾಗಿ ಮುಟ್ಟುವವರೆಲ್ಲರ ಬೆರಳು ತೆಗೆದುಕೊಳ್ಳುತ್ತಾರೆ. ಯಜಮಾನರದ್ದು, ಅವರ ಮನೆಯವರದ್ದು, ಕೆಲಸದ ಹುಡುಗರದ್ದು. ಸಿಕ್ಕ ಗುರುತುಗಳಲ್ಲಿ ಇವರದ್ದನ್ನೆಲ್ಲ ಒಂದೊಂದಾಗಿ ಪಕ್ಕಕ್ಕಿಡುತ್ತಾರೆ. ಕೊನೆಗೆ ಯಾರಿಗೂ ಸೇರದ ಒಂದು ಬೆರಳು ಉಳಿದರೆ, ಅದರ ಹಿಂದೆ ಹೋಗುತ್ತಾರೆ. ಎಲ್ಲಿ ಸಿಕ್ಕಿತು ಅನ್ನುವುದೂ ಮುಖ್ಯ. ಗಲ್ಲಾದ ಮುಚ್ಚಳದ ಮೇಲೆ ಸಿಗುವುದು ಬೇರೆ. ಒಡೆದ ಬೀಗದ ಹಿಂಬದಿ, ಕಿತ್ತ ಕಿಟಕಿಯ ಒಳಚೌಕಟ್ಟು, ಯಾರೂ ದಿನನಿತ್ಯ ಕೈಹಾಕದ ಜಾಗದಲ್ಲಿ ಸಿಗುವುದು ಬೇರೆ. ಅಂದಮೇಲೆ ತಪ್ಪಿಲ್ಲದ ಹುಡುಗ ಬೆರಳು ಕೊಡುವುದು ತನ್ನ ರಕ್ಷಣೆಗೇ.

ಮೈಸೂರಿನಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವೇ ಇದೆ. ಪೊಲೀಸರಿಗೆ ತರಬೇತಿ ಕೊಡುವ ಕರ್ನಾಟಕ ಪೊಲೀಸ್ ಅಕಾಡೆಮಿ ಇರುವುದೂ ಇದೇ ಊರಿನಲ್ಲಿ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನ ಪ್ರಕಾರ ಏಳು ವರ್ಷ ಅಥವಾ ಹೆಚ್ಚು ಶಿಕ್ಷೆ ಇರುವ ಅಪರಾಧ ನಡೆದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇದನ್ನು ಪೂರ್ತಿ ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷ ಅವಕಾಶ ಕೊಟ್ಟಿದ್ದಾರೆ. ಅವರು ಬರುವ ತನಕ ಜಾಗ ಕಾಯಬೇಕಾದವರು ನಾವು. ನಮ್ಮ ಕಡೆ ಕಳ್ಳತನ ಆದರೆ ಪೊಲೀಸರಿಗಿಂತ ಮೊದಲು ಬರುವವರು ಅಕ್ಕಪಕ್ಕದ ಮೂವತ್ತು ಜನ. ಒಬ್ಬ ಬೀಗ ಎತ್ತಿ ನೋಡುತ್ತಾನೆ, ಇನ್ನೊಬ್ಬ ಬೀರು ತೆಗೆದು ಮುಚ್ಚುತ್ತಾನೆ, ಮತ್ತೊಬ್ಬ ಕಾಫಿ ಲೋಟ ತಂದು ಅಲ್ಲೇ ಇಡುತ್ತಾನೆ. ಆಮೇಲೆ ಪೊಲೀಸರಿಗೆ ಏನೂ ಸಿಗಲಿಲ್ಲ ಅಂತ ಬೈಯುವವರೂ ಇವರೇ.

ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟು. “ಗಲ್ಲಾ ಮುಟ್ಟಬೇಡ, ಬೇರೆಯವರಿಗೂ ಮುಟ್ಟಬೇಡಿ ಅನ್ನು. ಕಂಪ್ಲೇಂಟ್ ಕೊಡಿ ಅಂತ ನೀನೇ ಯಜಮಾನರಿಗೆ ಹೇಳು. ಭಯಕ್ಕೆ ಬಿದ್ದು ‘ನಾನೇ ತೆಗೆದೆ’ ಅಂತ ಕಾಗದ ಬರೆದುಕೊಡಬೇಡ, ಆ ಕಾಗದ ಬೆರಳಚ್ಚಿಗಿಂತ ಅಪಾಯ. ವಿಷಯ ಠಾಣೆಗೆ ಹೋದರೆ ಮನೆಯವರನ್ನು ಕರೆದುಕೊಂಡು ಹೋಗು. ವಕೀಲರಿಗೆ ಕೊಡಲು ದುಡ್ಡಿಲ್ಲದವರಿಗೆ ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತೆ.” ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ “ಆಯ್ತಣ್ಣಾ” ಅಂದ.

ಹತ್ತು ದಿನದ ಮೇಲೆ ಪುಸ್ತಕದಂಗಡಿಯ ಹತ್ತಿರ ಅವನೇ ಸಿಕ್ಕ. ಕೈಯಲ್ಲಿ ನಮ್ಮ ಪತ್ರಿಕೆ ಇತ್ತು. “ಏನಾಯ್ತೋ?” ಅಂದೆ.

ಹೇಳಿದ. ಮಂಗಳವಾರ ಯಜಮಾನರ ಮುಂದೆ ನಿಂತು, “ಸಾರ್, ಕಂಪ್ಲೇಂಟ್ ಕೊಡಿ. ನನ್ನ ಬೆರಳು ತೆಗೀಲಿ. ಗಲ್ಲಾ ಮುಟ್ಟೋ ಎಲ್ಲರ ಬೆರಳೂ ತೆಗೀಲಿ” ಅಂದನಂತೆ. ಯಜಮಾನರು ಅವನನ್ನೇ ಸ್ವಲ್ಪ ಹೊತ್ತು ನೋಡಿ, ಮನೆಗೆ ಫೋನ್ ಮಾಡಲು ಹೊರಗೆ ಹೋದರಂತೆ. ಬುಧವಾರ ಬಂತು, ಗುರುವಾರ ಬಂತು. ಕಂಪ್ಲೇಂಟ್ ಹೋಗಲಿಲ್ಲ. ಶನಿವಾರ ಸಂಬಳ ಲೆಕ್ಕ ಮಾಡಿ ಕೈಗಿಟ್ಟು “ನಾಳೆಯಿಂದ ಬರಬೇಡಪ್ಪಾ” ಅಂದರಂತೆ.

ಈಗ ಬೇರೆ ಕಡೆ ಕೆಲಸಕ್ಕೆ ಸೇರಿದ್ದಾನೆ. “ಹೊಸ ಸಾಹುಕಾರ್ರಿಗೆ ಯಾರಾದ್ರೂ ಹೇಳಿದ್ರೆ ಏನ್ ಮಾಡ್ಲಿ ಅಣ್ಣಾ?” ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ದುಡ್ಡು ಯಾರು ತೆಗೆದರೋ ಯಾರಿಗೂ ಗೊತ್ತಿಲ್ಲ. ಗಲ್ಲಾಪೆಟ್ಟಿಗೆ ಈಗಲೂ ಅದೇ ಮೇಜಿನ ಮೇಲಿದೆ, ದಿನಾ ಹತ್ತು ಕೈ ಮುಟ್ಟುತ್ತಿವೆ, ಹಳೆಯ ಗುರುತುಗಳೆಲ್ಲ ಅಳಿಸಿಹೋಗಿರುತ್ತವೆ. ಹತ್ತು ರೂಪಾಯಿಯ ಪೌಡರು, ಒಂದು ಹನಿ ಅಂಟು ಅವನ ಪರವಾಗಿ ಸಾಕ್ಷಿ ಹೇಳಬಹುದಾಗಿತ್ತು. ಯಾರೂ ಕೇಳಲಿಲ್ಲ.

ಓದುವ ಯಜಮಾನರು ಯಾರಾದರೂ ಇದ್ದರೆ ಒಂದು ವಿನಂತಿ. ನಿಮ್ಮ ಗಲ್ಲಾದಲ್ಲಿ ದುಡ್ಡು ಹೋದರೆ, ಹುಡುಗನ ಮುಖ ನೋಡುವ ಮೊದಲು ಗಲ್ಲಾವನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ, ಠಾಣೆಗೆ ಫೋನ್ ಮಾಡಿ. ಹುಡುಗರಿಗೆ ಹೇಳುವುದು ಮೊದಲೇ ಹೇಳಿದ್ದೇನೆ. ಒರೆಸಬೇಡಿ, ಓಡಬೇಡಿ.

ಮುಂದಿನ ವಾರ ಇದೇ ಪುಟದಲ್ಲಿ ಸಿಗೋಣ. ಪತ್ರ ಇದ್ದರೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಟ್ಟುಹೋಗಿ. ನಿಮ್ಮ ಬೆರಳಚ್ಚು ಅದರ ಮೇಲೆ ಇದ್ದೇ ಇರುತ್ತದೆ, ಹೆಸರು ಬರೆಯದಿದ್ದರೂ ನಡೆಯುತ್ತದೆ.